ಹೊಳೆ ಒಪ್ಪಿದರೆ ಆನೆಗುಂದಿ

ರಜೆ ಬಂತೆಂದರೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಮನೆಗಳಲ್ಲಿ ಗೋಕರ್ಣ, ಮುರ್ಡೇಶ್ವರದ ಮಾತು ಏಳುತ್ತದೆ. ಜಿಲ್ಲೆಗೆ ಕಡಲಿಲ್ಲ, ಮಕ್ಕಳಿಗೆ ನೀರಿನ ದಂಡೆ ಬೇಕು. ಅಷ್ಟಕ್ಕೇ ಆದರೆ ಘಟ್ಟ ಇಳಿಯಬೇಕಿಲ್ಲ. ಗಂಗಾವತಿ ದಾಟಿ ಗದ್ದೆಗಳ ನಡುವೆ ಸ್ವಲ್ಪ ದೂರ ಹೋದರೆ ತುಂಗಭದ್ರೆಯ ಎಡದಂಡೆಯಲ್ಲಿ ಆನೆಗುಂದಿ ಇದೆ. ಹಂಪಿಗೆ ಬಂದವರು ಆಚೆ ದಡದಿಂದಲೇ ನೋಡಿ ಹೋಗುವ ಈ ಊರು ವಿಜಯನಗರಕ್ಕಿಂತ ಹಳೆಯದು.

ಇಲ್ಲಿಗೆ ಹೊರಡುವವರು ಮೊದಲು ವಿಚಾರಿಸಬೇಕಾದದ್ದು ಮುನಿರಾಬಾದಿನ ಡ್ಯಾಮಿನ ಸುದ್ದಿ. 33 ಗೇಟುಗಳ ಆ ಜಲಾಶಯದಿಂದ ಹೊಳೆಗೆ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಹೊಳೆ ನಡುವಿನ ನವವೃಂದಾವನ ಗಡ್ಡೆಯ ದಾರಿ ಮುಚ್ಚುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಹೊಳೆಸಾಲಿನ ಊರುಗಳೆಲ್ಲ ಎಚ್ಚರವಾಗಿದ್ದವು. ದಸರಾ ರಜೆಯಲ್ಲಿ ಹೊಳೆಯನ್ನು ನಂಬುವಂತಿಲ್ಲ. ಬೇಸಿಗೆ ರಜೆಯಲ್ಲಿ ಬಂಡೆಗಳು ಕಾದ ಹಂಚು. ನನ್ನ ಮಟ್ಟಿಗೆ ಸಂಕ್ರಾಂತಿಯ ಆಸುಪಾಸೇ ಸರಿ. ಡಿಸೆಂಬರ್‌ನಲ್ಲಿ ಹನುಮಮಾಲೆ ಧರಿಸಿದವರು ಅಂಜನಾದ್ರಿ ಬೆಟ್ಟದತ್ತ ಸಾವಿರಗಟ್ಟಲೆ ಬರುವ ದಿನಗಳನ್ನು ಮಾತ್ರ ಬಿಡಿ. ಆಗ 575 ಮೆಟ್ಟಿಲು ಹತ್ತುವುದಕ್ಕಿಂತ ಮೊದಲ ಮೆಟ್ಟಿಲನ್ನು ತಲುಪುವುದೇ ಕಷ್ಟ.

ಮಕ್ಕಳನ್ನು ಹರಿಗೋಲಿನಲ್ಲಿ ಕೂರಿಸದೆ ಕರೆತರಬೇಡಿ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಇಲ್ಲಿನ ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಆಕಾರ ಹಾಗೇ ಇದೆ. ಜೀವರಕ್ಷಕ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ. ಈಜಲು ಮಾತ್ರ ಇಳಿಯಬೇಡಿ: ಬಂಡೆಗಳ ಸಂದಿಯಲ್ಲಿ ಸುಳಿಗಳಿವೆ, ಹೊಳೆಯಲ್ಲಿ ಮೊಸಳೆಗಳೂ ಇವೆ. ಅದೃಷ್ಟವಿದ್ದರೆ ಬೆಳಗಿನ ಹೊತ್ತು ನೀರುನಾಯಿ ಕಂಡೀತು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ.

ನವವೃಂದಾವನದಲ್ಲಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿವೆ. ನಡುವಿನದು ವ್ಯಾಸರಾಯರದು, ಪುರಂದರದಾಸರ ಗುರುಗಳದು. ಅಲ್ಲಿ ಗದ್ದಲ ಮಾಡದಂತೆ ಮಕ್ಕಳಿಗೆ ದೋಣಿಯಲ್ಲೇ ಹೇಳಿಟ್ಟಿರಬೇಕು.

ಊರೊಳಗೆ ಗಗನಮಹಲು, ರಂಗನಾಥನ ಗುಡಿ ಎಂದು ಸುತ್ತಾಡುವಾಗ ಬಾಳೆ ನಾರಿನ ಕೆಲಸ ನೋಡಲು ಬಿಡುವು ಇಟ್ಟುಕೊಳ್ಳಿ. ಗೊನೆ ಕಡಿದ ಮೇಲೆ ಬಾಳೆಯ ದಿಂಡು ರೈತನಿಗೆ ಬೇಡದ ವಸ್ತು. ಅದರ ಪಟ್ಟೆ ಸುಲಿದು, ಒಣಗಿಸಿ, ಹೊಸೆದು ಹುರಿ ಮಾಡಿ, ಇಲ್ಲಿನ ಹೆಣ್ಣುಮಕ್ಕಳು ಚೀಲ, ಟೋಪಿ, ಚಾಪೆ ಹೆಣೆಯುತ್ತಾರೆ. ಶಮಾ ಪವಾರ್ ಕಟ್ಟಿದ ಕಿಷ್ಕಿಂದಾ ಟ್ರಸ್ಟ್ ಈ ಕಸುಬನ್ನು ಮನೆಮನೆಗೆ ತಲುಪಿಸಿತು, ಹಳೆಯ ಮನೆಗಳನ್ನು ದುರಸ್ತಿ ಮಾಡಿ ತಂಗಲು ಅನುವಾಗಿಸಿತು. ಅಂಥದೊಂದು ಮನೆಯಲ್ಲಿ ರಾತ್ರಿ ಉಳಿಯುವುದು ಒಳ್ಳೆಯದು. ಸಂಜೆಗೇ ಗಂಗಾವತಿಗೆ ಮರಳಿದರೆ ಊರಿನ ಅರ್ಧ ಸೊಗಸು ತಪ್ಪುತ್ತದೆ.

ಮರುದಿನ ಬೆಳಿಗ್ಗೆ ಒಗ್ಗರಣೆ–ಮಿರ್ಚಿ ತಿಂದು ಹಿರೇಬೆಣಕಲ್‌ಗೆ ಹೊರಡಿ. ಊರವರು ಮೊರೇರ ಗುಡ್ಡ ಎನ್ನುವ ಅಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಕಲ್ಮನೆಗಳಿವೆ; 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಬಂಡೆಯ ಮೇಲೆ ಕೂತ ಕಲ್ಲಿನ ನಗಾರಿಯನ್ನು ಮಕ್ಕಳು ಮರೆಯಲಾರರು. ಗುಡ್ಡದ ಮೇಲೆ ಅಂಗಡಿಯಿಲ್ಲ, ನೀರು ಹೊತ್ತೇ ಹತ್ತಬೇಕು.