ಸಿಕ್ಕಿದ ಹಣ, ಸಲ್ಲಬೇಕಾದ ಕೃತಜ್ಞತೆ

ಕಳೆದುಹೋದ ಹಣವನ್ನು ತಂದುಕೊಟ್ಟವರಿಗೆ ಎಷ್ಟು ಕೊಡಬೇಕು? ಕಾಯ್ಕಿಣಿ, ಭಟ್ಕಳ, ಹೊನ್ನಾವರಗಳ ನಮ್ಮ ಕುಟುಂಬಗಳಲ್ಲಿಯೂ ಆಗಾಗ ಏಳುವ ಪ್ರಶ್ನೆಯಿದು. ಬಸ್ಸಿನಲ್ಲಿಯೋ ಮೀನುಪೇಟೆಯಲ್ಲಿಯೋ ಹಣದ ಚೀಲ ಕಳೆದ ಕೂಡಲೇ ನಾವು ಪಾದುವಾದ ಸಂತ ಅಂತೋನಿಯವರಿಗೆ ಮೊರೆಯಿಡುತ್ತೇವೆ; ಸಿಕ್ಕಿದ ಮೇಲೆ ಮೇಣದ ಬತ್ತಿ ಹಚ್ಚಿ ಹರಕೆ ತೀರಿಸುತ್ತೇವೆ. ಆದರೆ ಅದನ್ನು ಹೊತ್ತುತಂದ ಮನುಷ್ಯನಿಗೆ ಸಲ್ಲಬೇಕಾದದ್ದು ಸಲ್ಲುತ್ತಿದೆಯೇ?

ಮೊದಲು ನ್ಯಾಯವನ್ನು ವಿಚಾರಿಸೋಣ. ಸಿಕ್ಕಿದ್ದನ್ನು ಹಿಂತಿರುಗಿಸುವುದು ದಾನವಲ್ಲ, ಕರ್ತವ್ಯ. ಸಹೋದರನು ಕಳೆದುಕೊಂಡ ಎತ್ತನ್ನಾಗಲಿ ಬಟ್ಟೆಯನ್ನಾಗಲಿ ಕಂಡರೆ ಕಾಣದವರಂತೆ ಹೋಗಕೂಡದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವು ವಿಧಿಸುತ್ತದೆ. ಅಂತಹ ವಸ್ತುವನ್ನು ಬೇಕೆಂದೇ ಇಟ್ಟುಕೊಳ್ಳುವುದು ಏಳನೆಯ ಕಟ್ಟಳೆಗೆ ವಿರುದ್ಧವೆಂಬುದು ಧರ್ಮಸಭೆಯ ಬೋಧನೆ. ನಮ್ಮ ದೇಶದ 1872ರ ಕರಾರು ಕಾಯ್ದೆಯ 168ನೆಯ ಕಲಮಿನ ಪ್ರಕಾರ, ಒಡೆಯನನ್ನು ಹುಡುಕಲು ಪಟ್ಟ ಶ್ರಮಕ್ಕಾಗಿ ದಾವೆ ಹೂಡುವಂತಿಲ್ಲ. ಇಂತಿಷ್ಟು ಬಹುಮಾನವೆಂದು ಒಡೆಯನೇ ಸಾರಿದ್ದರೆ ಮಾತ್ರ ಅದಕ್ಕಾಗಿ ದಾವೆ ಹೂಡಬಹುದು. ಜರ್ಮನಿಯ ಕಾನೂನು 500 ಯೂರೋವರೆಗೆ ನೂರಕ್ಕೆ ಐದು, ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ನೂರಕ್ಕೆ ಮೂರು ಎಂದು ಗೊತ್ತುಮಾಡಿದೆ.

ಕೃತಜ್ಞತೆಯನ್ನು ಹೀಗೆ ಶೇಕಡಾ ಲೆಕ್ಕದಲ್ಲಿ ಅಳೆಯಬಹುದೇ? ಸಂತ ಅಗಸ್ತೀನರು ತಮ್ಮ ಪ್ರಬೋಧನೆಯೊಂದರಲ್ಲಿ ಮಿಲಾನಿನ ಘಟನೆಯೊಂದನ್ನು ಹೇಳಿದ್ದಾರೆ. ಪಾಠಶಾಲೆಯೊಂದರಲ್ಲಿ ಸಹಾಯಕನಾಗಿದ್ದ ಕಡುಬಡವ ಕ್ರೈಸ್ತನಿಗೆ ಸುಮಾರು 200 ಚಿನ್ನದ ನಾಣ್ಯಗಳ ಚೀಲ ಸಿಕ್ಕಿತು. ಆತನು ಸಾರ್ವಜನಿಕವಾಗಿ ಪ್ರಕಟಣೆ ಹಚ್ಚಿ, ಗುರುತು ಕೇಳಿ, ಒಡೆಯನಿಗೊಪ್ಪಿಸಿದನು. ಒಡೆಯನು ಹತ್ತನೆಯ ಒಂದು ಪಾಲಾದ 20 ನಾಣ್ಯಗಳನ್ನು ನೀಡಿದಾಗ ಬಡವನು ಒಲ್ಲೆನೆಂದನು. ಹತ್ತು, ಕೊನೆಗೆ ಐದಾದರೂ ಎಂದರೂ ಒಪ್ಪಲಿಲ್ಲ. ಹಾಗಾದರೆ ತಾನು ಏನನ್ನೂ ಕಳೆದುಕೊಂಡೇ ಇಲ್ಲವೆಂದು ಒಡೆಯನು ಚೀಲವನ್ನೇ ಎಸೆದಾಗ, ಬಡವನು ಕೊಟ್ಟದ್ದನ್ನು ಸ್ವೀಕರಿಸಿ, ಎಲ್ಲವನ್ನೂ ಬಡವರಿಗೆ ಹಂಚಿಬಿಟ್ಟನು.

ಇಲ್ಲಿ ಒಬ್ಬನಿಗೆ ಆಸೆಯಿಲ್ಲ, ಇನ್ನೊಬ್ಬನಿಗೆ ಜಿಪುಣತನವಿಲ್ಲ. ಉಪಕಾರವನ್ನು ಅದರ ಮೊತ್ತದಿಂದಲ್ಲ, ಉಪಕಾರಿಯ ಮನಸ್ಸಿನಿಂದ ಅಳೆಯಬೇಕೆಂದು ಸಂತ ತೋಮಸ್ ಅಕ್ವಿನಾಸರೂ ಬೋಧಿಸುತ್ತಾರೆ. ಹತ್ತು ಸಾವಿರವನ್ನು ಹಿಂತಿರುಗಿಸಿದ ಸಿರಿವಂತನ ಮತ್ತು ಐನೂರನ್ನು ಹಿಂತಿರುಗಿಸಿದ ಕೂಲಿಯಾಳಿನ ಮನಸ್ಸನ್ನು ತೂಗಿದರೆ, ಐನೂರೇ ಭಾರವಾದೀತು.

ಆದುದರಿಂದ ನಾವು ಮೂರು ಸಂಗತಿಗಳನ್ನು ನೆನಪಿಡೋಣ. ಹೂ ಮಾರುವ ತಾಯಿಯೊಬ್ಬಳು ನಮ್ಮ ಹಣ ತಲುಪಿಸಲು ದಿನದ ವ್ಯಾಪಾರ ಬಿಟ್ಟು ಬಂದಿದ್ದರೆ, ಆ ದಿನದ ಗಳಿಕೆ ಮತ್ತು ಬಸ್ಸಿನ ಚಾರ್ಜು ಬಹುಮಾನವಲ್ಲ. ನಾವು ತೀರಿಸಬೇಕಾದ ಸಾಲ. ಬಹುಮಾನವೆಂಬುದು ಅದರ ನಂತರದ ಮಾತು. ಅದು ನಮ್ಮ ಶಕ್ತಿಗೂ ಆಕೆಯ ಅಗತ್ಯಕ್ಕೂ ತಕ್ಕಂತಿರಲಿ. ಕಳೆದುಕೊಂಡವರೂ ಬಡವರಾಗಿದ್ದರೆ ಒಂದು ಊಟ, ಮನಃಪೂರ್ವಕವಾದ ಒಂದು ಮಾತು ಸಾಕು. ಮೂರನೆಯದಾಗಿ, ಆಕೆ ಬೇಡವೆಂದರೆ ಬಲವಂತ ಬೇಡ. ಆ ಹಣವನ್ನು ಬಡವರಿಗಾಗಿ ಸಂತ ಅಂತೋನಿಯವರ ಕಾಣಿಕೆ ಡಬ್ಬಿಗೆ ಹಾಕೋಣ.

ಇನ್ನೊಂದು ಮಾತು. ತಂದುಕೊಟ್ಟವರು ಎದುರಿಗೆ ನಿಂತಿರುವಾಗಲೇ ನೋಟುಗಳನ್ನು ಎಣಿಸತೊಡಗುವವರನ್ನು ನಾವು ಕಾಣುತ್ತೇವೆ. ಆ ಸಂಶಯದ ದೃಷ್ಟಿಯಿಂದಾದ ಗಾಯವನ್ನು ಯಾವ ಬಹುಮಾನವೂ ಮಾಯಿಸಲಾರದು. ಕ್ರೈಸ್ತ ಬಾಂಧವರೇ, ಎಣಿಕೆ ಆಮೇಲಾಗಲಿ. ಮೊದಲು ಅವರನ್ನು ಒಳಗೆ ಕರೆದು ಕುಳ್ಳಿರಿಸೋಣ, ಮಕ್ಕಳನ್ನು ಕರೆದು ಅವರ ಪರಿಚಯ ಮಾಡಿಕೊಡೋಣ. ಪ್ರಾಮಾಣಿಕತೆಯೆಂದರೇನೆಂದು ನಮ್ಮ ಮಕ್ಕಳು ಅಂದು ಕಣ್ಣಾರೆ ಕಂಡು ಕಲಿಯುವರು.