ಬೇಸಿಗೆಯಲ್ಲಿ ಕಾಯುವ ಲ್ಯಾಪ್‌ಟಾಪ್: ಹಾಸಿಗೆ ಬಿಟ್ಟು ಮೇಜಿಗೆ ಬರಲಿ

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ನಮ್ಮವರಿಗೆ ಬಿಸಿಲು ಹೊಸದಲ್ಲ. ಊರಿನ ಬಿಸಿಲು ಕಂಡ ಮೈ ಇಲ್ಲಿನ ಬಿಸಿಲನ್ನೂ ತಡೆದುಕೊಳ್ಳುತ್ತದೆ. ಆದರೆ ಮನೆಯೊಳಗಿನ ಲ್ಯಾಪ್‌ಟಾಪಿಗೆ ಆ ಅಭ್ಯಾಸವಿಲ್ಲ. ಏಪ್ರಿಲ್ ಬಂತೆಂದರೆ ಅದರ ಫ್ಯಾನು ಭರ್ರೆನ್ನುತ್ತದೆ, ಕೀಲಿಮಣೆ ಹೆಂಚಿನಂತೆ ಕಾಯುತ್ತದೆ, ಮಗಳ ಆನ್‌ಲೈನ್ ಪರೀಕ್ಷೆ ಅರ್ಧಕ್ಕೆ ಬಂದಾಗ ತಾನಾಗಿಯೇ ಆಫ್ ಆಗುತ್ತದೆ.

ಬ್ಯಾಂಕುಗಳಿಗೆ ಮೊದಲು ಕಂಪ್ಯೂಟರ್ ಬಂದ ಕಾಲದಲ್ಲಿ ಎಸಿ ಬಂದದ್ದು ನಮ್ಮಂಥ ಗುಮಾಸ್ತರಿಗಾಗಿ ಅಲ್ಲ, ಯಂತ್ರಕ್ಕಾಗಿ. ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಗೆ ಹೋಗಬೇಕಿತ್ತು. 1998ರಲ್ಲಿ ಮಾಧಾಪುರದಲ್ಲಿ ಸೈಬರ್ ಟವರ್ಸ್ ತೆರೆದ ಮೇಲೂ ಕಂಪ್ಯೂಟರ್ ಕೆಲಸವೆಂದರೆ ತಣ್ಣನೆಯ ಆಫೀಸಿನ ಕೆಲಸವೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಆಫೀಸು, ಶಾಲೆ ಎರಡೂ ಮನೆಗೆ ಬಂದವು. ಎಸಿ ಮಾತ್ರ ಬರಲಿಲ್ಲ. ಎರಡು ಕೋಣೆಯ ಪೋರ್ಷನ್ನಿನಲ್ಲೋ, ಸ್ಲ್ಯಾಬು ಕಾಯುವ ಮೇಲಿನ ಮಹಡಿಯಲ್ಲೋ ಲ್ಯಾಪ್‌ಟಾಪ್ ದುಡಿಯತೊಡಗಿತು.

ಕಾಯುವುದೇಕೆ?

ಲ್ಯಾಪ್‌ಟಾಪಿನೊಳಗಿನ ಪ್ರೊಸೆಸರ್ ದುಡಿದಷ್ಟೂ ಬಿಸಿಯಾಗುತ್ತದೆ. ಆ ಶಾಖವನ್ನು ತಾಮ್ರದ ಕೊಳವೆ ಅಂಚಿನ ತೆಳು ರೆಕ್ಕೆಗಳಿಗೆ ಒಯ್ಯುತ್ತದೆ. ಪುಟ್ಟ ಫ್ಯಾನು ಗಾಳಿ ಊದಿ ಹೊರಗೆ ಹಾಕುತ್ತದೆ. ಫ್ಯಾನು ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ. ಆದ್ದರಿಂದ ಕೋಣೆಗಿಂತ ಲ್ಯಾಪ್‌ಟಾಪ್ ತಣ್ಣಗಾಗಲು ಸಾಧ್ಯವೇ ಇಲ್ಲ. ಹಲವು ಕಂಪನಿಗಳ ಕೈಪಿಡಿಯಲ್ಲಿ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಿ ಎಂದಿರುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಬಿಸಿಲೇ 40 ದಾಟುತ್ತದೆ.

ಇದರ ಮೇಲೆ ಧೂಳು. ರೆಕ್ಕೆಗಳ ಸಂದಿಯಲ್ಲಿ ಧೂಳು, ಕೂದಲು ಸೇರಿ ಕಂಬಳಿಯ ಹಾಗೆ ಗಟ್ಟಿಯಾದರೆ ಫ್ಯಾನು ಎಷ್ಟು ತಿರುಗಿದರೂ ಗಾಳಿ ಹೊರಬಾರದು. ಒಳಗಿನ ಶಾಖ 100 ಡಿಗ್ರಿಯ ಹತ್ತಿರ ಹೋದಾಗ ಪ್ರೊಸೆಸರ್ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೂ ಇಳಿಯದಿದ್ದರೆ ಯಂತ್ರ ಆಫ್ ಆಗುತ್ತದೆ. ‘ನಿಧಾನವಾಯಿತು, ಹೊಸದು ಕೊಳ್ಳೋಣ’ ಎಂದು ಕಂತಿನ ಸಾಲಕ್ಕೆ ಅರ್ಜಿ ಹಾಕುವ ಮುನ್ನ ಒಮ್ಮೆ ಧೂಳು ತೆಗೆಸಿ ನೋಡುವುದು ಜಾಣತನ.

ಖರ್ಚಿಲ್ಲದ ಉಪಾಯಗಳು

ಮೊದಲನೆಯದು, ಹಾಸಿಗೆ, ದಿಂಬು, ತೊಡೆಯ ಮೇಲೆ ಇಡಬೇಡಿ. ಹೆಚ್ಚಿನ ಲ್ಯಾಪ್‌ಟಾಪುಗಳು ಗಾಳಿ ಎಳೆದುಕೊಳ್ಳುವ ಕಿಂಡಿ ತಳದಲ್ಲಿರುತ್ತದೆ. ಬಟ್ಟೆ ಅದನ್ನು ಮುಚ್ಚುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು, ಕಿಂಡಿ ಮುಚ್ಚದಂತೆ ಹಿಂಭಾಗವನ್ನು ಎರಡು ಬೆರಳು ಎತ್ತರಿಸಿದರೆ ಸಾಕು. ದಿನವೂ ತೊಡೆಯ ಮೇಲೆ ಇಟ್ಟುಕೊಳ್ಳುವವರ ಚರ್ಮದ ಮೇಲೆ ಬಲೆಯಂತಹ ಕಂದು ಕಲೆ ಬೀಳುವುದುಂಟು. ಕಾಂಗ್ಡಿಯ ಕೆಂಡದಿಂದ ಮೈ ಕಾಯಿಸಿಕೊಳ್ಳುವ ಕಾಶ್ಮೀರದ ಜನರಲ್ಲಿ ವೈದ್ಯರು ಮೊದಲಿನಿಂದಲೂ ಕಂಡ ಕಲೆ ಇದೇ.

ಎರಡನೆಯದು, ನೀರಿನ ಕೂಲರಿನ ಎದುರಿಗೇ ಲ್ಯಾಪ್‌ಟಾಪ್ ಇಡಬೇಡಿ. ಕೋಣೆ ತಂಪಾದರೆ ಒಳ್ಳೆಯದೇ, ಆದರೆ ತುಂತುರು ಒಳಗೆ ಹೋಗಬಾರದು. ತಣ್ಣಗಾಗಲೆಂದು ಫ್ರಿಜ್ಜಿನಲ್ಲಿ ಇಡುವುದು, ಒದ್ದೆ ಬಟ್ಟೆ ಹೊದಿಸುವುದು ಖಂಡಿತ ಬೇಡ.

ಮೂರನೆಯದು, ಭಾರದ ಕೆಲಸ ಬೆಳಗಿನ ತಂಪಿನಲ್ಲಿ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಯಾವ ಪ್ರೋಗ್ರಾಂ ಹೆಚ್ಚು ದುಡಿಸುತ್ತಿದೆ ಎಂಬುದು ಕಾಣುತ್ತದೆ. ಬೇಡದ್ದನ್ನು ಮುಚ್ಚಿ. ಸೌಲಭ್ಯವಿದ್ದರೆ ಚಾರ್ಜು 80 ಪ್ರತಿಶತಕ್ಕೆ ನಿಲ್ಲುವಂತೆ ಮಾಡಿ. ಬಿಸಿಯಲ್ಲಿ ಸದಾ ತುಂಬಿರುವ ಬ್ಯಾಟರಿ ಬೇಗ ಸೊರಗುತ್ತದೆ.

ಬಿಚ್ಚಿ ಶುಚಿ ಮಾಡುವುದನ್ನು ತಿಳಿದವರಿಗೇ ಬಿಡಿ. ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್. ಮುಗಿದಿದ್ದರೆ ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿ ಎಲ್ಲರೂ ಸಿಟಿಸಿ ಎನ್ನುವ ಚೆನಾಯ್ ಟ್ರೇಡ್ ಸೆಂಟರ್ ಇದ್ದೇ ಇದೆ. ಧೂಳು ತೆಗೆದು ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಿ ಎಂದು ಹೇಳಿ. ದರ ಮೊದಲೇ ಕೇಳಿ, ನಿಮ್ಮೆದುರೇ ಬಿಚ್ಚಿಸಿ, ರಸೀದಿ ಪಡೆಯಿರಿ. ಕೊಡುವ ಮುನ್ನ ಫೈಲುಗಳ ನಕಲು ಇಟ್ಟುಕೊಳ್ಳಿ.

ಇಲ್ಲಿ ಎಚ್ಚರ ತಪ್ಪಬಾರದು

ಫ್ಯಾನಿನ ಸದ್ದು ಕಿರಿಕಿರಿ ಅಷ್ಟೆ. ಉಬ್ಬಿದ ಬ್ಯಾಟರಿ ಅಪಾಯ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಸಿಹಿಯಾದ ಘಾಟು ವಾಸನೆ ಬಂದರೆ ಚಾರ್ಜರ್ ತೆಗೆದು ಬಳಕೆ ನಿಲ್ಲಿಸಿ. ಚುಚ್ಚುವುದು, ಒತ್ತುವುದು ಬೇಡ. 2006ರಲ್ಲಿ ಡೆಲ್ ಕಂಪನಿ ಸೋನಿ ತಯಾರಿಸಿದ ಸುಮಾರು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬೆಂಕಿಯ ಭಯದಿಂದ ಹಿಂದಕ್ಕೆ ಕರೆಸಿಕೊಂಡಿತ್ತು. 2022ರ ಏಪ್ರಿಲ್‌ನಲ್ಲಿ ಪಕ್ಕದ ಆಂಧ್ರದ ಕಡಪ ಜಿಲ್ಲೆಯಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುತ್ತಿದ್ದ ಯುವತಿಯೊಬ್ಬಳು, ಚಾರ್ಜಿಂಗ್‌ನಲ್ಲಿದ್ದ ಲ್ಯಾಪ್‌ಟಾಪ್ ಸಿಡಿದು ತೀವ್ರವಾಗಿ ಸುಟ್ಟುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಕಡಿಮೆ ಬೆಲೆಯ ನಕಲಿ ಚಾರ್ಜರ್ ಕೊಳ್ಳಬೇಡಿ. ರಾತ್ರಿಯಿಡೀ ಹಾಸಿಗೆಯ ಮೇಲೆ ಚಾರ್ಜಿಗೆ ಹಾಕಿ ಮಲಗುವ ಮಕ್ಕಳಿಗೆ ಮನೆಯ ಹಿರಿಯರೇ ಹೇಳಬೇಕು. ಹೊಗೆ ಬಂದರೆ ಕೈಯಿಂದ ಎತ್ತಲು ಹೋಗದೆ, ಸಾಧ್ಯವಾದರೆ ಮೇನ್ ಸ್ವಿಚ್ ಆರಿಸಿ, ಎಲ್ಲರೂ ಹೊರಬಂದು ಕೋಣೆಯ ಬಾಗಿಲು ಮುಚ್ಚಿ 101ಕ್ಕೆ ಕರೆ ಮಾಡಿ. ಕೆಟ್ಟ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಕಳಿಸಬೇಡಿ. ಅಂಗಡಿಯವರಿಗೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ಕೊಡಿ.

ರಜೆಗೆ ಊರಿಗೆ ಹೊರಡುವವರಿಗೆ ಕೊನೆಯ ಮಾತು. ಬರೀ ಮುಚ್ಚಳ ಹಾಕಿ ಬ್ಯಾಗಿಗೆ ತುರುಕಿದರೆ ಲ್ಯಾಪ್‌ಟಾಪ್ ಒಮ್ಮೊಮ್ಮೆ ಒಳಗೇ ಎಚ್ಚರಾಗಿ ಕಾಯುತ್ತಿರುತ್ತದೆ. ಪೂರ್ತಿ ಶಟ್‌ಡೌನ್ ಮಾಡಿ. ದಾರಿಯಲ್ಲಿ ಊಟಕ್ಕೆ ಇಳಿದಾಗ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡದೆ ಬ್ಯಾಗನ್ನು ಜೊತೆಯಲ್ಲೇ ಒಯ್ಯಿರಿ.