ಎಂಜಿನಿಯರಿಂಗ್ ಸ್ನಾತಕೋತ್ತರ ವಿದ್ಯಾರ್ಥಿಸಂಘ ಮತ್ತು ನಾಡಿನ ಸಂಶೋಧನೆ

1948ರ ವಿಲೀನಕ್ಕೆ ಮುನ್ನ ಜಮಖಂಡಿ, ಮುಧೋಳಗಳು ದೇಶೀಯ ಸಂಸ್ಥಾನಗಳು. ಬೀಳಗಿಯಾದರೋ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದುದು. ಆಡಳಿತ ಬೇರೆಯಾದರೂ ಕೊರತೆಯೊಂದು ಸಮಾನವಾಗಿತ್ತು: ಎಂಜಿನಿಯರಿಂಗ್ ಕಲಿಯಬಯಸುವವರು ಪುಣೆಯಂತಹ ದೂರದ ನಗರಗಳಿಗೆ ಹೋಗಬೇಕಾಗಿತ್ತು. 1947ರಲ್ಲಿ ಹುಬ್ಬಳ್ಳಿಯಲ್ಲಿಯೂ 1963ರಲ್ಲಿ ಬಾಗಲಕೋಟೆಯಲ್ಲಿಯೂ ಕಾಲೇಜುಗಳು ಸ್ಥಾಪಿತವಾಗಿ ಆ ದೂರ ತಗ್ಗಿತು.

ಆದರೆ ಪ್ರಯೋಗಾಲಯಕ್ಕೂ ಊರಿಗೂ ನಡುವಣ ಅಂತರವು ಕಾಲೇಜಿನ ಸ್ಥಾಪನೆಯೊಂದರಿಂದಲೇ ಅಳಿಯದು. ಸ್ನಾತಕೋತ್ತರ ವಿದ್ಯಾರ್ಥಿಸಂಘದ ಪ್ರಯೋಜನವಿರುವುದು ಇಲ್ಲಿಯೇ. ಒಬ್ಬೊಬ್ಬರೂ ತಮ್ಮ ಪ್ರಬಂಧದಲ್ಲಿಯೇ ಮಗ್ನರಾಗಿರುವಾಗ, ಸಂಘವು ಪರಸ್ಪರ ವಿಮರ್ಶೆಗೆ ಎಡೆಮಾಡಿಕೊಟ್ಟು, ರಬಕವಿ-ಬನಹಟ್ಟಿಯ ಮಗ್ಗ, ಘಟಪ್ರಭೆಯ ನೀರಾವರಿ, ಸವಳು ಭೂಮಿ ಇವುಗಳನ್ನು ಸಂಶೋಧನೆಯ ವಿಷಯಗಳಾಗಿ ಮುಂದಿಡಬಲ್ಲುದು.

ಇದಕ್ಕೆ ಪೂರ್ವನಿದರ್ಶನವುಂಟು. 1890ರಲ್ಲಿ ರಾ. ಹ. ದೇಶಪಾಂಡೆ ಮೊದಲಾದ ವಿದ್ಯಾವಂತರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದುದು ತಮ್ಮ ಏಳಿಗೆಗಾಗಿ ಅಲ್ಲ, ಕನ್ನಡದ ಏಳಿಗೆಗಾಗಿ. ಕಲಿತವರ ಸಂಘದ ಫಲ ಕಲಿಯದವರಿಗೂ ಮುಟ್ಟಬೇಕು.